ಒಂಟಿ ಹಳಿಯ ಮಾತುಕತೆ

ಶಿರಾಲಿಗೆ ರೈಲು ಬಂದದ್ದು ಬಹಳ ತಡವಾಗಿ. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಇಡೀ ಮಾರ್ಗ ತೆರೆದದ್ದು 1998ರ ಜನವರಿ 26ರಂದು. ಈಗ ಮುರ್ಡೇಶ್ವರ ಮತ್ತು ಭಟ್ಕಳದ ನಡುವೆ, ಶಿರಾಲಿಯ ಮಠದ ಹೆಸರನ್ನೇ ಹೊತ್ತ ಚಿತ್ರಾಪುರ ಎಂಬ ಸಣ್ಣ ನಿಲ್ದಾಣವಿದೆ. ಈ ಭಾಗದಲ್ಲಿ ಹಳಿ ಒಂದೇ ಜೋಡಿ. ಮುಂಬೈ ಕಡೆಯ ಗಾಡಿಯೂ ಮಂಗಳೂರು ಕಡೆಯ ಗಾಡಿಯೂ ಅದರ ಮೇಲೆಯೇ ಓಡಬೇಕು. ಹೀಗಾಗಿ ಇಲ್ಲಿ ಎಂಜಿನ್ನಿಗಿಂತ ಮೊದಲು ಮಾತು ಸರಿಯಿರಬೇಕು.

ಮಾತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ರೈಲ್ವೆ ಜಗತ್ತು ಕಲಿತದ್ದು ರಕ್ತ ಸುರಿಸಿಯೇ. 1874ರ ಸೆಪ್ಟೆಂಬರ್ 10ರ ರಾತ್ರಿ ಇಂಗ್ಲೆಂಡಿನ ನಾರ್ವಿಚ್ ಸಮೀಪದ ಥಾರ್ಪ್‌ನಲ್ಲಿ ಎರಡು ಗಾಡಿಗಳು ಒಂದೇ ಹಳಿಯಲ್ಲಿ ಎದುರುಬದುರಾಗಿ ಗುದ್ದಿದವು. 25 ಜನ ಸತ್ತರು. ತಂತಿ ಯಂತ್ರ ಕೆಟ್ಟಿರಲಿಲ್ಲ. ಎದುರಿನ ಗಾಡಿಯನ್ನು ಬಿಡಬಹುದು ಎಂಬ ಸಂದೇಶಕ್ಕೆ ಅಧಿಕಾರಿ ಸಹಿ ಹಾಕುವ ಮೊದಲೇ ಗುಮಾಸ್ತ ಅದನ್ನು ಕಳಿಸಿಬಿಟ್ಟಿದ್ದ. ಅಷ್ಟರಲ್ಲಿ ಅಧಿಕಾರಿ ಇತ್ತಲಿನ ಗಾಡಿಯನ್ನೂ ಬಿಟ್ಟಾಗಿತ್ತು. ಕಳಿಸಿದ್ದನ್ನು ರದ್ದು ಮಾಡಲು ಹೊರಟಾಗ ಹೊತ್ತು ಮೀರಿತ್ತು.

ಎಡ್ವರ್ಡ್ ಟೈಯರ್ ಎಂಬಾತ 1878ರಲ್ಲಿ ಟ್ಯಾಬ್ಲೆಟ್ ಯಂತ್ರ ತಂದದ್ದು ಇದರ ಬೆನ್ನಿಗೇ. ಅದೇ ತತ್ವದ ನೀಲ್ಸ್ ಬಾಲ್ ಟೋಕನ್ ಯಂತ್ರ ಭಾರತದಲ್ಲಿ ಬಹುಕಾಲ ನಡೆಯಿತು. ಅಕ್ಕಪಕ್ಕದ ಎರಡು ನಿಲ್ದಾಣಗಳ ಪೆಟ್ಟಿಗೆಗಳನ್ನು ತಂತಿಯಿಂದ ಬೆಸೆದಿರುತ್ತಾರೆ. ಒಂದರಿಂದ ಉಕ್ಕಿನ ಗುಂಡು ಹೊರಬಂದರೆ, ಅದು ಮತ್ತೆ ಪೆಟ್ಟಿಗೆ ಸೇರುವವರೆಗೆ ಎರಡರಲ್ಲೂ ಇನ್ನೊಂದು ಗುಂಡು ಬಾರದು. ಡ್ರೈವರನ ಕೈಯಲ್ಲಿ ಗುಂಡು ಇದ್ದರಷ್ಟೇ ಗಾಡಿ ಹೊರಡಬೇಕು. ದೊಡ್ಡ ಬಳೆಗೆ ಕಟ್ಟಿದ ಚರ್ಮದ ಚೀಲವನ್ನು ಓಡುವ ಎಂಜಿನ್ನಿನತ್ತ ಎತ್ತಿ ಹಿಡಿಯುತ್ತಿದ್ದ ನೌಕರನನ್ನು ಮೀಟರ್‌ಗೇಜ್ ಕಾಲದ ಪ್ರಯಾಣಿಕರು ಮರೆತಿರಲಾರರು. ಆ ಚೀಲದಲ್ಲಿ ಇರುತ್ತಿದ್ದುದು ಈ ಗುಂಡೇ.

ಯಂತ್ರ ಕೈಕೊಟ್ಟು ಫೋನಿನಲ್ಲೇ ‘ಲೈನ್ ಕ್ಲಿಯರ್’ (ಗಾಡಿ ಬಿಡಲು ಒಪ್ಪಿಗೆ) ಕೇಳಬೇಕಾದಾಗ ಬರಿಯ ‘ಆಯ್ತು’ ನಡೆಯದು. ಅತ್ತಲಿನ ಸ್ಟೇಷನ್ ಮಾಸ್ಟರ್ ತನ್ನ ಹಾಳೆಯಿಂದ ಒಂದು ‘ಪ್ರೈವೇಟ್ ನಂಬರ್’ ಹೇಳಬೇಕು. ಆ ಹಾಳೆಯಲ್ಲಿ ಎರಡಂಕಿಯ ಸಂಖ್ಯೆಗಳು ಯಾವ ಕ್ರಮವೂ ಇಲ್ಲದೆ ಅಚ್ಚಾಗಿರುತ್ತವೆ, ಬಳಸಿದ್ದನ್ನು ಹೊಡೆದುಹಾಕಬೇಕು. ಹೇಳಿದ ಸಂಖ್ಯೆಯನ್ನು ಇತ್ತಲಿನವರು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಎಂಜಿನ್ನಿನೊಳಗೂ ಇದೇ ಕತೆ: ಲೋಕೋ ಪೈಲಟ್ ಮತ್ತು ಸಹಾಯಕ ಸಿಗ್ನಲ್ಲಿನ ಬಣ್ಣವನ್ನು ಪರಸ್ಪರ ಕೂಗಿ ಹೇಳಬೇಕು. ಗಾಡಿ ಪೂರ್ತಿ ದಾಟಿತೆಂದು ಒಪ್ಪಬೇಕಾದರೆ ಕೊನೆಯ ಬೋಗಿಯ ಗುರುತನ್ನು ಕಣ್ಣಾರೆ ನೋಡಬೇಕು. ರೈಲ್ವೆ ನಿಯಮಪುಸ್ತಕದಷ್ಟು ಅನುಮಾನದ ಪುಸ್ತಕ ಇನ್ನೊಂದಿರಲಾರದು. ಅದರ ದೊಡ್ಡ ಗುಣವೂ ಅದೇ.

ಆದರೆ ಇದೆಲ್ಲ ಮನುಷ್ಯರ ನಡುವಿನ ಮಾತು. ಗುಡ್ಡ ಯಾರಿಗೂ ಫೋನ್ ಮಾಡುವುದಿಲ್ಲ. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ಗಾಡಿ ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿಗೆ ಕುಸಿದಿದ್ದ ಬಂಡೆಗಳಿಗೆ ಬಡಿಯಿತು. 50ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ವರ್ಷ ತುಂಬುವುದರೊಳಗೆ, 2004ರ ಜೂನ್ 16ರಂದು, ಮಂಗಳೂರಿನಿಂದ ಹೋಗುತ್ತಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿ ಬಳಿ ಹಾಗೆಯೇ ಬಂಡೆಗೆ ಸಿಕ್ಕಿತು.

ಈಗ ಮಳೆ-ಗಾಳಿಗೂ ಬಾಯಿ ಕೊಟ್ಟಿದ್ದಾರೆ. ತಾನೇ ದಾಖಲಿಸುವ ಮಳೆಮಾಪಕಗಳಿರುವ ನಿಲ್ದಾಣಗಳಲ್ಲಿ ಭಟ್ಕಳವೂ ಒಂದು. ಹೊನ್ನಾವರ ಮತ್ತು ಮಂಕಿಯ ನಡುವೆ 2 ಕಿಲೋಮೀಟರಿಗೂ ಉದ್ದದ ಶರಾವತಿ ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಉಪಕರಣವಿದೆ. ಸರಾಸರಿ ಕಿಲೋಮೀಟರಿಗೊಂದರಂತೆ ತುರ್ತು ಫೋನ್ ಸಾಕೆಟ್‌ಗಳು. ಚಾಲಕರಿಗೂ ಗಾರ್ಡ್‌ಗಳಿಗೂ ವಾಕಿಟಾಕಿ. ಜಡಿಮಳೆಯಲ್ಲಿ ಮುಂದಿನದು ಕಾಣದಿದ್ದರೆ ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಇಳಿಸಬೇಕು. 2022ರ ಆಗಸ್ಟ್‌ನಲ್ಲಿ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡದ್ದನ್ನು ಕಂಡ ಭಟ್ಕಳದವರಿಗೆ ಈ ಎಚ್ಚರ ಅತಿಯೆನಿಸದು.

ಇಷ್ಟೆಲ್ಲ ಇದ್ದೂ ಮಾತು ತಲುಪದ ಗಳಿಗೆ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ, ಬೆಳಕು ಹರಿಯುವ ಮೊದಲು, ಕುಮಟಾ ಮತ್ತು ಹೊನ್ನಾವರದ ನಡುವೆ ಗಸ್ತಿನಲ್ಲಿದ್ದ ಟ್ರ್ಯಾಕ್‌ಮನ್ ಒಬ್ಬರಿಗೆ ಹಳಿಯ ವೆಲ್ಡಿಂಗ್ ಕೂಡಿಲ್ಲದ್ದು ಕಂಡಿತು. ಕೂಡಲೇ ಕುಮಟಾ ನಿಲ್ದಾಣಕ್ಕೆ ತಿಳಿಸಿದರು. ಆದರೆ ತಿರುವನಂತಪುರ–ದೆಹಲಿ ರಾಜಧಾನಿ ಎಕ್ಸ್‌ಪ್ರೆಸ್ ಆಗಲೇ ಅತ್ತ ಹೊರಟಾಗಿತ್ತು. ಚಾಲಕನಿಗೇ ಫೋನ್ ಮಾಡಲು ನೋಡಿದರು, ಸಿಗಲಿಲ್ಲ. ಕೊನೆಗೆ ಹಳಿಗುಂಟ ಅರ್ಧ ಕಿಲೋಮೀಟರ್ ಓಡಿ, ಎದುರಿಗೆ ಬರುತ್ತಿದ್ದ ಗಾಡಿಗೆ ಅಪಾಯದ ಸಂಕೇತ ತೋರಿಸಿ ನಿಲ್ಲಿಸಿದರು. ನಿಗಮ ಅವರನ್ನು ಸನ್ಮಾನಿಸಿತು.

ಅದನ್ನು ಒಬ್ಬರ ಸಾಹಸವೆಂದಷ್ಟೇ ಹೊಗಳಿ ಬಿಡುವುದು ಸರಿಯಲ್ಲ. ಕತ್ತಲಲ್ಲಿ ಹಳಿ ನೋಡುತ್ತ ನಡೆಯುವ ಒಬ್ಬ ಮನುಷ್ಯ ಅಲ್ಲಿ ಇರಲೇಬೇಕು ಎಂಬ ನಿಯಮ ಇದ್ದುದರಿಂದಲೇ ಆ ಓಟ ಸಾಧ್ಯವಾಯಿತು. ಸಂದೇಶಕ್ಕೆ ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರಬೇಕು. ಉಪಕರಣಗಳು ಎಷ್ಟೇ ಹೆಚ್ಚಲಿ, ಗಸ್ತಿನವರ ಸಂಖ್ಯೆ ಕಡಿಮೆಯಾಗಕೂಡದು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಮಾರ್ಗದ ಗಾಡಿಗಳಿಗೆ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ. ಓಟ ನಿಧಾನ, ಹೊರಡುವ ಹೊತ್ತೂ ಬೇರೆ. ಆಷಾಢ ಶ್ರಾವಣದಲ್ಲಿ ಶಿರಾಲಿಗೋ ಮುರ್ಡೇಶ್ವರಕ್ಕೋ ಹೊರಡುವವರು ಹಳೆಯ ಸಮಯವನ್ನು ನಂಬದೆ, ಹೊಸ ಪಟ್ಟಿ ನೋಡಿಕೊಂಡೇ ಮನೆ ಬಿಡುವುದು ಒಳ್ಳೆಯದು.