ಮನೆಯೊಡತಿ ಅತ್ತಿಮಬ್ಬೆ

ದಾನಚಿಂತಾಮಣಿ ಎಂದೊಡನೆ ಕನ್ನಡಿಗರ ನೆನಪಿಗೆ ಬರುವವಳು ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು, 1,500 ಜಿನಪ್ರತಿಮೆಗಳನ್ನು ಮಾಡಿಸಿ ಕೊಟ್ಟವಳು, ರನ್ನನಂತಹ ಮಹಾಕವಿಗೆ ಆಶ್ರಯವಿತ್ತವಳು ಎಂದು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಆದರೆ ಆಕೆಯ ದಾನವನ್ನು ಕೊಂಡಾಡುವ ಭರದಲ್ಲಿ ಆ ದಾನವು ಹುಟ್ಟಿದ ಮನೆಯನ್ನು ನಾವು ಮರೆತಿದ್ದೇವೆ. ಅತ್ತಿಮಬ್ಬೆಯು ಸಿಂಹಾಸನವೇರಿದ ರಾಣಿಯಲ್ಲ. ಕಾವ್ಯವನ್ನು ಬರೆದ ಕವಿಯೂ ಅಲ್ಲ. ಒಂದು ಮನೆಯ ಮಗಳು, ಒಂದು ಮನೆಯ ಸೊಸೆ, ಒಬ್ಬ ಮಗನ ತಾಯಿ. ಗಡಿನಾಡಿನಲ್ಲಿ ನಡೆಯುವ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಆಕೆಯನ್ನು ಮನೆಯೊಡತಿಯಾಗಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಅತ್ತಿಮಬ್ಬೆಯ ಮನೆತನದ ಮೂಲವಿದ್ದುದು ಇಂದಿನ ಕರ್ನಾಟಕದಲ್ಲಲ್ಲ. ಈಗ ಆಂಧ್ರಪ್ರದೇಶಕ್ಕೆ ಸೇರಿರುವ ವೇಂಗಿ ಮಂಡಲದ ಕಮ್ಮೆನಾಡಿನಲ್ಲಿ. ಅಲ್ಲಿಯ ಪುಂಗನೂರಿನ ನಾಗಮಯ್ಯನು ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಜಿನಧರ್ಮವನ್ನು ಆಶ್ರಯಿಸಿದವನು. ಅವನ ಮಕ್ಕಳು ಮಲ್ಲಪಯ್ಯ ಮತ್ತು ಪೊನ್ನಮಯ್ಯ. ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣೆಗಾಗಿ ಈ ಸಹೋದರರು ಕವಿ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದ ಕವಿ ಪೊನ್ನ. ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ವೇಂಗಿಯಿಂದ ಬಂದ ಮನೆತನವೊಂದು ಕನ್ನಡದ ಪುರಾಣಕ್ಕೆ ಕಾರಣವಾಯಿತೆಂಬುದನ್ನು ವಾಚಕರು ಗಮನಿಸಬೇಕು.

ಮಲ್ಲಪಯ್ಯನು ಅತ್ತಿಮಬ್ಬೆಯನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ನಾಗದೇವನಿಗೆ ಕೊಟ್ಟು ಮದುವೆ ಮಾಡಿದನು. ನಾಗದೇವನು ಕಲ್ಯಾಣ ಚಾಲುಕ್ಯರ ರಾಜ್ಯವನ್ನು ಸ್ಥಾಪಿಸಿದ ಇಮ್ಮಡಿ ತೈಲಪನ ಮಂತ್ರಿ ಧಲ್ಲಪನ ಮಗ, ಪರಾಕ್ರಮಿಯಾದ ದಂಡನಾಯಕ. ಅಂತಹ ಮನೆಯ ಹೆಂಗಸರಿಗೆ ವೈಭವಕ್ಕೆ ಕೊರತೆಯಿರಲಿಲ್ಲ. ನೆಮ್ಮದಿಗಾದರೋ ಪ್ರತಿಯೊಂದು ದಂಡಯಾತ್ರೆಯಲ್ಲಿಯೂ ಕೊರತೆ. ಕಡೆಗೊಂದು ದಿನ ನಾಗದೇವನು ಯುದ್ಧದಲ್ಲಿ ಮಡಿದನು. ಗುಂಡಮಬ್ಬೆಯು ಗಂಡನೊಡನೆ ಚಿತೆಯನ್ನೇರಿದಳು. ಅತ್ತಿಮಬ್ಬೆಯು ಮಗ ಅಣ್ಣಿಗದೇವನಿಗಾಗಿ ಉಳಿದಳು.

ಒಂದೇ ತಾಯಿಯ ಮಕ್ಕಳಿಬ್ಬರು, ಒಂದೇ ಮನೆಯ ಸೊಸೆಯರಿಬ್ಬರು. ಆ ಕಾಲವು ಸಹಗಮನವನ್ನು ಹಿರಿದಾಗಿ ಕಂಡಿತು. ಇಂದು ಅದನ್ನು ಓದುವಾಗ ನಮ್ಮ ಎದೆ ನಡುಗುತ್ತದೆ. ಸಾವಿಗೆ ಹೊಗಳಿಕೆಯಿದ್ದ ಕಾಲದಲ್ಲಿ ಬದುಕನ್ನು ಆರಿಸಿಕೊಳ್ಳುವುದು ಸುಲಭವಾಗಿತ್ತೆಂದು ಯಾರೂ ತಿಳಿಯಬಾರದು. ಬೆಂಕಿಯ ಸಂಕಟ ಒಂದು ಗಳಿಗೆಯದು. ಗಂಡನೂ ತಂಗಿಯೂ ಇಲ್ಲದ ಮನೆಯಲ್ಲಿ ಪ್ರತಿದಿನ ಬೆಳಗಾದೊಡನೆ ಎದ್ದು, ಮಗನನ್ನು ಸಾಕಿ, ಆಳುಕಾಳುಗಳನ್ನು ನೋಡಿಕೊಂಡು, ವ್ರತನಿಯಮಗಳನ್ನು ತಪ್ಪದೆ ನಡೆಸುವ ಸಂಕಟ ಜೀವಮಾನದ್ದು. ಅತ್ತಿಮಬ್ಬೆಯು ಅದನ್ನು ಹೊತ್ತಳು. ಆಕೆಯ ಮಗ ಬೆಳೆದು ಪಡೆವಳ ತೈಲನೆಂಬ ಹೆಸರಿನಿಂದ ಚಾಲುಕ್ಯರ ಸೇವೆಯಲ್ಲಿ ಪ್ರಸಿದ್ಧನಾದನು. ತಾಯಿಯಾಗಿ ಆಕೆ ಗಳಿಸಿದ ಮೊದಲ ಕೀರ್ತಿ ಇದು.

ಇನ್ನು ಸಾವಿರ ಪ್ರತಿಗಳ ಮಾತು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಗ್ರಂಥದ ಒಂದು ಪ್ರತಿ ಸಿದ್ಧವಾಗಬೇಕಾದರೆ ತಾಳೆಯ ಗರಿಗಳನ್ನು ಹದಮಾಡಿ ಕತ್ತರಿಸಬೇಕು. ಲಿಪಿಕಾರನು ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಮಸಿಯನ್ನು ಸವರಿ ಅಕ್ಷರಗಳನ್ನು ಕಾಣಿಸಬೇಕು. ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟಬೇಕು. ಹೀಗೆ ಸಾವಿರ ಸಲ! ಇಷ್ಟಕ್ಕೂ ಆಕೆ ಆರಿಸಿದ ಗ್ರಂಥ ಯಾವುದು? ತನ್ನ ತಂದೆಯೂ ಚಿಕ್ಕಪ್ಪನೂ ಬರೆಯಿಸಿದ ಪುರಾಣ. ತವರಿನ ಬಳುವಳಿಯನ್ನು ಹೆಣ್ಣುಮಕ್ಕಳು ಪೆಟ್ಟಿಗೆಯಲ್ಲಿ ಜೋಪಾನಮಾಡುವುದುಂಟು. ಅತ್ತಿಮಬ್ಬೆಯು ತನ್ನ ಬಳುವಳಿಯನ್ನು ಪೆಟ್ಟಿಗೆಯಲ್ಲಿಡದೆ ನಾಡಿನ ಕೈಯಲ್ಲಿಟ್ಟಳು. ಒಂದೇ ಪ್ರತಿಯಾದರೆ ಗೆದ್ದಲು, ಮಳೆ, ಬೆಂಕಿಗಳ ಭಯ; ಸಾವಿರ ಮನೆಗಳಲ್ಲಿದ್ದರೆ ಎಲ್ಲಿಯಾದರೂ ಒಂದು ಉಳಿದೀತು. ಮುಂಗಾರಿಗೆ ಬಿತ್ತನೆಯ ಬೀಜವನ್ನು ಬೇರೆ ಬೇರೆ ಮಡಕೆಗಳಲ್ಲಿ ಎತ್ತಿಡುವ ಗೃಹಿಣಿಯ ವಿವೇಕವೇ ಇದು.

ರನ್ನನು ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದನು. ಅತ್ತಿಮಬ್ಬೆಯ ವಂಶದ ಕಥೆ ನಮಗೆ ತಿಳಿದಿರುವುದು ಬಹುಮಟ್ಟಿಗೆ ಈ ಗ್ರಂಥದಿಂದ. ಕವಿಯು ಹೊಗಳಿಕೆಯಿಂದಷ್ಟೇ ಋಣವನ್ನು ತೀರಿಸಲಿಲ್ಲ. ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಬಿರುದುಗಳನ್ನು ಅರಮನೆಯೂ ಕೊಡಬಲ್ಲದು. ಮನೆಯ ಮಗುವನ್ನು ದಿನಕ್ಕೆ ಹತ್ತು ಸಲ ಕೂಗುವ ಹೆಸರಾಗುವುದು ತಾಯಂತಹವರಿಗೆ ಮಾತ್ರ ಸಲ್ಲುವ ಗೌರವ.

ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. 1007ರ ಶಾಸನವು ಆಕೆಯ ಮಹಿಮೆಯನ್ನು ಸಾರುತ್ತದೆ. ಉಕ್ಕಿ ಹರಿಯುವ ಗೋದಾವರಿಯೇ ಆಕೆಗಾಗಿ ನಿಂತಿತೆಂದು ಅಂದಿನ ಜನ ನಂಬಿದರು. ನದಿ ನಿಂತುದನ್ನು ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದ್ದು. ದುಃಖದ ಪ್ರವಾಹವೊಂದು ಆಕೆಯ ಮನೆಯ ಹೊಸ್ತಿಲಲ್ಲಿ ನಿಂತುದಂತೂ ದಿಟ.

ನಾಡಿನಿಂದ ನಾಡಿಗೆ ಮನೆತನಗಳು ಹೋಗಿ ಬಂದ ಇಂತಹ ಕಥೆ ಇದೊಂದೇ ಅಲ್ಲ. ಆದಿಕವಿ ಪಂಪನ ಹಿರಿಯರೂ ಕಮ್ಮೆನಾಡಿನ ವಂಗಿಪರ್ರಿನವರು. ಅವನ ತಾಯಿ ಅಬ್ಬಣಬ್ಬೆಯಾದರೋ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳು. ಈ ಸಂಗತಿಯನ್ನು ತಿಳಿಸುವುದು ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಜೊತೆಯಾಗಿವೆ. ತೆಲುಗು ನಮಗೆ ಹಗೆಯಲ್ಲ, ನೆರೆಮನೆ. ಆದರೆ ನೆರೆಮನೆ ಎಷ್ಟು ಒಳ್ಳೆಯದಾದರೂ ನಮ್ಮ ಮನೆಯ ದೀಪವನ್ನು ನಾವೇ ಹಚ್ಚಬೇಕು.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದುವು; ಬಳ್ಳಾರಿ ಮೈಸೂರಿಗೆ ಹೋಯಿತು. ಗೆರೆ ಹಾಕಿದವರು ಕಛೇರಿಯವರು. ಗೆರೆಯ ಈಚೆ ಕನ್ನಡವನ್ನು ಉಳಿಸಿದವರು ಹೆಚ್ಚಾಗಿ ನಮ್ಮ ತಾಯಂದಿರು. ನಾವು ಪಾಠ ಹೇಳುವ ಶಾಲೆಯಲ್ಲಿ ಒಂದು ವರ್ಷ, ತರಗತಿಗಳು ತೆರೆದು ತಿಂಗಳುಗಳು ಕಳೆದರೂ ಕನ್ನಡದ ಪಠ್ಯಪುಸ್ತಕಗಳು ಬರಲಿಲ್ಲ. ಹುಡುಗಿಯೊಬ್ಬಳ ಅಜ್ಜಿ ಬಟ್ಟೆಯ ಗಂಟೊಂದನ್ನು ಹೊತ್ತು ಶಾಲೆಗೆ ಬಂದಳು. ಹಿರಿಯ ಮೊಮ್ಮಕ್ಕಳು ಓದಿ ಬಿಟ್ಟ ಪುಸ್ತಕಗಳನ್ನು ಬೇವಿನೆಲೆಯೊಡನೆ ಕಟ್ಟಿಟ್ಟಿದ್ದಳು. ಆಕೆಗೆ ಅಕ್ಷರ ಬಾರದು. ಏಕೆ ಇಟ್ಟಿರೆಂದು ಕೇಳಿದುದಕ್ಕೆ, “ಮುಂದ ಓದೋರಿಗೆ ಬೇಕಾಗ್ತಾವಲ್ರೀ ಮೇಷ್ಟ್ರೇ” ಎಂದಳು. ಆ ವರ್ಷ ಮಕ್ಕಳು ಆ ಪುಸ್ತಕಗಳನ್ನು ನೋಡಿ ಪಾಠಗಳನ್ನು ಕೈಯಲ್ಲೇ ಬರೆದುಕೊಂಡರು. ಅವರು ಬರೆಯುತ್ತಿದ್ದಾಗ ನಮಗೆ ಸಾವಿರ ಓಲೆಯ ಕಟ್ಟುಗಳ ನೆನಪಾಯಿತು.

ಗಡಿನಾಡಿನ ಮಾತೆಯರೇ, ಅತ್ತಿಮಬ್ಬೆಯಷ್ಟು ಹೊನ್ನು ನಮ್ಮಲ್ಲಿಲ್ಲ. ಆಕೆಯ ಮನಸ್ಸು ನಮ್ಮ ಮನೆಗಳಲ್ಲಿದೆ. ಮಗುವಿಗೆ ಕನ್ನಡದ ಒಂದು ಪುಟವನ್ನು ಓದಿಸಿ, ಆ ಪುಸ್ತಕವನ್ನು ಮುಂದಿನ ಮಗುವಿಗಾಗಿ ಎತ್ತಿಡುವ ಪ್ರತಿಯೊಬ್ಬ ಗೃಹಿಣಿಯೂ ಆಕೆಯ ವಂಶಕ್ಕೆ ಸೇರಿದವಳು. ಆ ವಂಶ ಬೆಳೆಯಲಿ.