ಲವ್ ಅನ್ನೋದಾ, ಚಾರಿಟಿ ಅನ್ನೋದಾ? ಇಂಗ್ಲಿಷ್ ಬೈಬಲ್‌ನಲ್ಲಿ ಒಂದು ಪದದ ಜಗಳ

ಇವತ್ತಿನ ಎಪಿಸೋಡ್ ಶುರುವಾಗೋದು ಧಾರವಾಡದ ಒಂದು ಮದುವೆ ಮನೆಯಿಂದ.

ನನ್ನ ಬಿ.ಕಾಂ. ಗೆಳೆಯನ ಮದುವೆ. ಚರ್ಚಿನಲ್ಲಿ ಬೈಬಲ್‌ನ ಒಂದು ಭಾಗ ಓದಬೇಕು, ಅದನ್ನ ನೀನೇ ಓದು ಅಂದ. ನಾನು ಕ್ರೈಸ್ತ ಅಲ್ಲ. 'ಮೈಕ್ ಮುಂದೆ ಮಾತಾಡೋನು ನೀನೊಬ್ಬನೇ ಕಣೋ' ಅನ್ನೋದು ಅವನ ಲಾಜಿಕ್. ಅವನ ಆಫೀಸಿನವರು ಬೇರೆ ಬೇರೆ ರಾಜ್ಯದಿಂದ ಬರ್ತಾರೆ, ಹಾಗಾಗಿ ಓದು ಇಂಗ್ಲಿಷಲ್ಲಿ. ಭಾಗ ಯಾವುದು ಅಂದ್ರೆ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ. ಸಿನಿಮಾದ ಮದುವೆ ಸೀನುಗಳಲ್ಲಿ ನೀವೂ ಕೇಳಿರ್ತೀರಿ, ಪ್ರೀತಿ ಅಂದ್ರೆ ಏನು ಅಂತ ಹೇಳೋ ಅಧ್ಯಾಯ ಅದು.

ಸಮಸ್ಯೆ ಶುರುವಾಗಿದ್ದು ಹಿಂದಿನ ರಾತ್ರಿ. ಗೆಳೆಯ ಮೊಬೈಲ್ ಆ್ಯಪ್‌ನಿಂದ ತೆಗೆದ ಪ್ರಿಂಟ್ ಕೊಟ್ಟ. ಅದರಲ್ಲಿ 'ಲವ್' ಅಂತ ಇತ್ತು. ಅವನ ಅಪ್ಪ ಕಪ್ಪು ರಟ್ಟಿನ ಹಳೇ ಪುಸ್ತಕ ತಂದರು. ಅದು ತೀರಿಕೊಂಡ ಅಜ್ಜನ ಕಿಂಗ್ ಜೇಮ್ಸ್ ಬೈಬಲ್. 'ನಮ್ಮ ಮನೆಯಾಗ ಎಲ್ಲಾ ಮದುವಿಗೂ ಇದರಾಗಿಂದನ ಓದ್ಯಾರ' ಅಂದರು. ತೆಗೆದು ನೋಡಿದರೆ ಅದೇ ಅಧ್ಯಾಯ, ಅದೇ ಸಾಲುಗಳು, ಆದರೆ 'ಲವ್' ಇರೋ ಜಾಗದಲ್ಲೆಲ್ಲ 'ಚಾರಿಟಿ'!

ಕಾಮರ್ಸ್ ಓದಿದವನಿಗೆ ಚಾರಿಟಿ ಅಂದ್ರೆ ಏನು ನೆನಪಾಗತ್ತೆ ಹೇಳಿ. ದೇಣಿಗೆ, ರಸೀದಿ, ತೆರಿಗೆ ವಿನಾಯಿತಿ. ಮದುವೆಗೆ ಬಂದವರ ಮುಂದೆ ಇದನ್ನ ಹೆಂಗೆ ಓದೋದು? ಓದದೇ ಇದ್ದರೆ, ಅಜ್ಜನ ಪುಸ್ತಕ ಬಿಟ್ಟು ಆ್ಯಪ್ ಹಿಡಿದ ಅಂತ ಒಂದು ಹಿರಿಯ ಜೀವಕ್ಕೆ ನೋವಾಗತ್ತೆ. ಅವತ್ತು ರಾತ್ರಿ ನಿದ್ದೆ ಬಿಟ್ಟು ಓದೋಕೆ ಕೂತೆ. ಆಮೇಲೆ ಗೊತ್ತಾಗಿದ್ದೇನಂದ್ರೆ, ಇದು ನಮ್ಮ ಗೆಳೆಯನ ಮನೆಯ ಜಗಳ ಅಲ್ಲ, ಸುಮಾರು 500 ವರ್ಷದ ಜಗಳ. ಅದರಲ್ಲಿ ಒಬ್ಬ ಜೀವವನ್ನೇ ಕಳಕೊಂಡಿದ್ದಾನೆ.

ಮೊದಲು ಒಂದು ಬೇಸಿಕ್ ವಿಷಯ. ಬೈಬಲ್ ಮೂಲದಲ್ಲಿ ಇಂಗ್ಲಿಷ್ ಪುಸ್ತಕ ಅಲ್ಲ. ಹಳೆಯ ಒಡಂಬಡಿಕೆ ಬಹುಪಾಲು ಹೀಬ್ರೂ, ಹೊಸ ಒಡಂಬಡಿಕೆ ಗ್ರೀಕ್. ಪೌಲ ಬರೆದ ಗ್ರೀಕ್ ಪದ 'ಅಗಾಪೆ'. ಪಶ್ಚಿಮ ಯುರೋಪಿನ ಚರ್ಚು ಸಾವಿರ ವರ್ಷ ಬಳಸಿದ್ದು ಲ್ಯಾಟಿನ್ ಅನುವಾದ, ಅದರಲ್ಲಿ ಈ ಜಾಗದಲ್ಲಿ 'ಕಾರಿತಾಸ್'. ಆ ಕಾರಿತಾಸ್ ಇಂಗ್ಲಿಷಿಗೆ ಬಂದು 'ಚಾರಿಟಿ' ಆಯ್ತು. ಆಗ ಅದಕ್ಕೆ ದೇಣಿಗೆ ಅನ್ನೋ ಅರ್ಥ ಒಂದೇ ಇರಲಿಲ್ಲ. ದೇವರ ಮೇಲಿನ, ನೆರೆಯವರ ಮೇಲಿನ ಪವಿತ್ರ ಪ್ರೀತಿ ಅನ್ನೋ ಅರ್ಥವೂ ಇತ್ತು.

1380ರ ದಶಕದಲ್ಲಿ ಜಾನ್ ವಿಕ್ಲಿಫ್‌ನ ಅನುಯಾಯಿಗಳು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬೈಬಲ್ ತಂದರು. ಎಲ್ಲ ಕೈಬರಹ. ಆಮೇಲೆ ಇಂಗ್ಲೆಂಡಿನ ಚರ್ಚು, ಅನುಮತಿ ಇಲ್ಲದೆ ಯಾರೂ ಅನುವಾದ ಮಾಡಬಾರದು ಅಂತ ನಿಷೇಧ ಹಾಕಿತು. ಇಂಥ ದೇಶದಲ್ಲಿ ಹುಟ್ಟಿದವನು ವಿಲಿಯಂ ಟಿಂಡೇಲ್.

ಟಿಂಡೇಲ್ ದೊಡ್ಡ ಭಾಷಾ ಪಂಡಿತ. ವಿದ್ವಾಂಸ ಎರಾಸ್ಮಸ್ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನ ಮುದ್ರಿಸಿದ್ದ. ಅದನ್ನ ಹಿಡಿದುಕೊಂಡು ನೇರ ಗ್ರೀಕ್‌ನಿಂದ ಇಂಗ್ಲಿಷಿಗೆ ತರ್ತೀನಿ ಅಂತ ಟಿಂಡೇಲ್ ಹೊರಟ. ಲಂಡನ್ನಿನ ಬಿಷಪ್ ಕತ್‌ಬರ್ಟ್ ಟನ್‌ಸ್ಟಾಲ್ ಹತ್ತಿರ ಆಶ್ರಯ ಕೇಳಿದ, ಸಿಗಲಿಲ್ಲ. ಜರ್ಮನಿಗೆ ಹೋದ. 1526ರಲ್ಲಿ ವೋರ್ಮ್ಸ್ ಊರಲ್ಲಿ ಪುಸ್ತಕ ಅಚ್ಚಾಯ್ತು. ಬಟ್ಟೆಯ ಮೂಟೆಗಳಲ್ಲಿ ಬಚ್ಚಿಟ್ಟು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿದರು.

ಈ ಭಾಗ ಕಾಮರ್ಸ್‌ನವರಿಗೆ ಸ್ಪೆಷಲ್. ಆ ಕಾಲದ ಇತಿಹಾಸಕಾರ ಎಡ್ವರ್ಡ್ ಹಾಲ್ ಬರೆದಿರೋ ಕಥೆ. ಅದೇ ಬಿಷಪ್ ಟನ್‌ಸ್ಟಾಲ್, ಪುಸ್ತಕಗಳನ್ನೆಲ್ಲ ಕೊಂಡು ಸುಟ್ಟುಹಾಕಿದರೆ ಸಮಸ್ಯೆ ಮುಗೀತು ಅಂದುಕೊಂಡ. ಅಗಸ್ಟಿನ್ ಪ್ಯಾಕಿಂಗ್‌ಟನ್ ಅನ್ನೋ ವ್ಯಾಪಾರಿಗೆ ಕೊಳ್ಳೋ ಕೆಲಸ ಒಪ್ಪಿಸಿದ. ಆ ವ್ಯಾಪಾರಿ ಒಳಗೊಳಗೇ ಟಿಂಡೇಲ್‌ನ ಗೆಳೆಯ. ಮಾಲು ಬಿಷಪ್‌ಗೆ ಹೋಯ್ತು, ದುಡ್ಡು ಟಿಂಡೇಲ್‌ಗೆ ಬಂತು. ಆ ದುಡ್ಡಲ್ಲಿ ಟಿಂಡೇಲ್ ಸಾಲ ತೀರಿಸಿ, ತಪ್ಪು ತಿದ್ದಿ ಮತ್ತೆ ಮುದ್ರಿಸಿದ. ವಿರೋಧಿಯೇ ವರ್ಕಿಂಗ್ ಕ್ಯಾಪಿಟಲ್ ಕೊಟ್ಟ ಹಾಗಾಯ್ತು! ಆದರೂ ಸುಟ್ಟಿದ್ದು ಸುಟ್ಟಿದ್ದೇ. ಸಾವಿರಗಟ್ಟಲೆ ಅಚ್ಚಾಗಿದ್ದ 1526ರ ಆ ಪ್ರತಿಗಳಲ್ಲಿ ಇವತ್ತು ಉಳಿದಿರೋದು ಮೂರೇ.

ಇಷ್ಟು ಕೋಪ ಯಾಕೆ? ಕಾರಣ ಕೆಲವೇ ಪದಗಳು. 'ಚರ್ಚ್' ಅನ್ನೋ ಜಾಗದಲ್ಲಿ ಟಿಂಡೇಲ್ 'ಕಾಂಗ್ರಿಗೇಷನ್' ಅಂದ, ಅಂದ್ರೆ ಸೇರಿದ ಜನ. 'ಪ್ರೀಸ್ಟ್' ಜಾಗದಲ್ಲಿ ಮೊದಲು 'ಸೀನಿಯರ್', ಆಮೇಲೆ 'ಎಲ್ಡರ್' ಅಂದ, ಅಂದ್ರೆ ಹಿರಿಯ. 'ಡು ಪೆನೆನ್ಸ್' ಜಾಗದಲ್ಲಿ 'ರಿಪೆಂಟ್'. 'ಚಾರಿಟಿ' ಜಾಗದಲ್ಲಿ 'ಲವ್'.

ಸುಮ್ನೆ ಪದ ಬದಲಾವಣೆ ಅನ್ನಿಸಬಹುದು. ಸ್ವಲ್ಪ ಯೋಚನೆ ಮಾಡಿ. ಪ್ರಾಯಶ್ಚಿತ್ತ ಮಾಡು ಅಂದ್ರೆ, ಅದನ್ನ ವಿಧಿಸೋಕೆ ಒಬ್ಬ ಪಾದ್ರಿ ಬೇಕು. ಮನಸ್ಸು ತಿರುಗಿಸು ಅಂದ್ರೆ, ಅದು ನಿನಗೂ ದೇವರಿಗೂ ಮಧ್ಯದ ವಿಷಯ. ಚರ್ಚ್ ಅಂದ್ರೆ ಒಂದು ಸಂಸ್ಥೆ, ಅದಕ್ಕೆ ಅಧಿಕಾರ, ಆಸ್ತಿ, ಕೋರ್ಟು ಎಲ್ಲ ಇದೆ. ಸೇರಿದ ಜನ ಅಂದ್ರೆ ನಾನು, ನೀವು. ಒಂದೊಂದು ಪದದ ಹಿಂದೆಯೂ ಯಾರ ಕೈಯಲ್ಲಿ ಅಧಿಕಾರ ಇರಬೇಕು ಅನ್ನೋ ಪ್ರಶ್ನೆ ಇತ್ತು.

ಎದುರು ಪಾರ್ಟಿಯ ವಾದವನ್ನೂ ಕೇಳಬೇಕು. 1529ರಲ್ಲಿ ಥಾಮಸ್ ಮೋರ್ ಟಿಂಡೇಲ್ ವಿರುದ್ಧ ದೊಡ್ಡ ಪುಸ್ತಕ ಬರೆದ. ಅವನು ದಡ್ಡ ಅಲ್ಲ, ಯುರೋಪಿನ ಹೆಸರಾಂತ ವಿದ್ವಾಂಸ. ಲವ್ ಅನ್ನೋದು ಬೀದಿಯ ಪದ, ಒಳ್ಳೆಯ ಪ್ರೀತಿ, ಕೆಟ್ಟ ಮೋಹ ಎಲ್ಲದಕ್ಕೂ ಅದನ್ನೇ ಬಳಸ್ತಾರೆ. ಚಾರಿಟಿ ಅಂದ್ರೆ ಪವಿತ್ರ ಪ್ರೀತಿ ಮಾತ್ರ, ಅಂಥ ಒಳ್ಳೇ ಪದ ಇರುವಾಗ ಬಿಟ್ಟಿದ್ಯಾಕೆ ಅನ್ನೋದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಇವತ್ತು ನಾವು ಬಿರಿಯಾನಿಗೂ ಲವ್ ಅಂತೀವಿ, ಅಮ್ಮನಿಗೂ ಲವ್ ಅಂತೀವಿ.

ಈ ಇಬ್ಬರ ಕೊನೆ ನೋಡಿ. ಮೋರ್, ರಾಜ 8ನೇ ಹೆನ್ರಿಯನ್ನ ಚರ್ಚಿನ ಮುಖ್ಯಸ್ಥ ಅಂತ ಒಪ್ಪಲಿಲ್ಲ. 1535ರ ಜುಲೈನಲ್ಲಿ ತಲೆ ಕಡಿದರು. ಟಿಂಡೇಲ್‌ನನ್ನ ಅದೇ ವರ್ಷ ಆ್ಯಂಟ್‌ವರ್ಪ್‌ನಲ್ಲಿ ಸ್ನೇಹದ ನಾಟಕ ಆಡಿದವನೊಬ್ಬ ಹಿಡಿದುಕೊಟ್ಟ. 1536ರ ಅಕ್ಟೋಬರ್‌ನಲ್ಲಿ ಬ್ರಸೆಲ್ಸ್ ಹತ್ತಿರದ ವಿಲ್ವೋರ್ಡೆಯಲ್ಲಿ ಕುತ್ತಿಗೆ ಬಿಗಿದು ಕೊಂದು, ಹೆಣವನ್ನ ಸುಟ್ಟರು. ಮೂರೇ ವರ್ಷಕ್ಕೆ, 1539ರಲ್ಲಿ, ಅದೇ ಹೆನ್ರಿಯ ಸರ್ಕಾರ 'ಗ್ರೇಟ್ ಬೈಬಲ್' ಅನ್ನೋ ಇಂಗ್ಲಿಷ್ ಬೈಬಲನ್ನ ಚರ್ಚುಗಳಲ್ಲಿ ಇಡಿಸಿತು. ಅದರೊಳಗೆ ಇದ್ದದ್ದು ಬಹಳಷ್ಟು ಟಿಂಡೇಲ್‌ನ ಕೆಲಸವೇ.

ಸರಿ, ಲವ್ ಗೆದ್ದಿತಲ್ಲ, ಮತ್ತೆ ಅಜ್ಜನ ಪುಸ್ತಕದಲ್ಲಿ ಚಾರಿಟಿ ಹೇಗೆ ವಾಪಸ್ ಬಂತು?

1560ರಲ್ಲಿ ಜಿನೀವಾ ಬೈಬಲ್ ಬಂತು. ಕೈಗೆ ಹಿಡಿಯೋ ಸೈಜು, ಓದೋಕೆ ಸುಲಭದ ಅಕ್ಷರ, ವಾಕ್ಯಗಳಿಗೆ ನಂಬರು, ಪಕ್ಕದಲ್ಲಿ ಟಿಪ್ಪಣಿ. ಮನೆ ಮನೆಯಲ್ಲಿ ಓದಿದರು. ಆದರೆ ಆ ಟಿಪ್ಪಣಿಗಳು ರಾಜ ಜೇಮ್ಸ್‌ಗೆ ಇಷ್ಟ ಆಗಲಿಲ್ಲ. ಈಜಿಪ್ಟಿನ ಫರೋಹನ ಆಜ್ಞೆ ಮೀರಿ ಮಕ್ಕಳನ್ನ ಉಳಿಸಿದ ಸೂಲಗಿತ್ತಿಯರ ಕಥೆ ಇದೆಯಲ್ಲ, ಅಲ್ಲಿ ಆಜ್ಞೆ ಮೀರಿದ್ದು ಸರಿ ಅಂತ ಜಿನೀವಾ ಟಿಪ್ಪಣಿ ಹೇಳ್ತಿತ್ತು. ರಾಜನ ಮಾತು ಮೀರಬಹುದು ಅಂತ ಪ್ರಜೆಗಳ ಮನೆಯ ಪುಸ್ತಕದಲ್ಲಿ ಇದ್ದರೆ ಯಾವ ರಾಜ ಸುಮ್ನಿರ್ತಾನೆ?

1604ರ ಜನವರಿಯಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಸಭೆ ಸೇರಿತು, ಹೊಸ ಅನುವಾದದ ನಿರ್ಧಾರ ಆಯ್ತು. ಆಕ್ಸ್‌ಫರ್ಡ್, ಕೇಂಬ್ರಿಜ್, ವೆಸ್ಟ್‌ಮಿನ್‌ಸ್ಟರ್‌ಗಳಲ್ಲಿ ಆರು ತಂಡ, ಸುಮಾರು 47 ವಿದ್ವಾಂಸರು, 15 ನಿಯಮ. ಒಂದು ನಿಯಮ: ಚರ್ಚಿನ ಹಳೇ ಪದಗಳನ್ನ ಉಳಿಸಿಕೊಳ್ಳಿ, ಚರ್ಚ್ ಅನ್ನೋದನ್ನ ಕಾಂಗ್ರಿಗೇಷನ್ ಮಾಡಬೇಡಿ. ಇನ್ನೊಂದು: ಹೀಬ್ರೂ, ಗ್ರೀಕ್ ಪದ ವಿವರಿಸೋಕೆ ಬಿಟ್ಟು ಬೇರೆ ಟಿಪ್ಪಣಿ ಬೇಡ. 1611ರಲ್ಲಿ ಪುಸ್ತಕ ಹೊರಬಂತು. ಹೊಸ ಒಡಂಬಡಿಕೆಯ ದೊಡ್ಡ ಪಾಲು ಟಿಂಡೇಲ್‌ನದೇ. 'ಎಲ್ಡರ್', 'ರಿಪೆಂಟ್' ಉಳಿದವು. ಆದರೆ 'ಚರ್ಚ್' ಮರಳಿ ಬಂತು, ಈ 13ನೇ ಅಧ್ಯಾಯಕ್ಕೆ 'ಚಾರಿಟಿ' ಮರಳಿ ಬಂತು.

ಇಷ್ಟೆಲ್ಲ ಜಾಗ್ರತೆ ಮಾಡಿದ ಪುಸ್ತಕಕ್ಕೂ ಪ್ರಿಂಟಿಂಗ್ ಮಿಸ್ಟೇಕ್ ತಪ್ಪಲಿಲ್ಲ. 1631ರ ಒಂದು ಮುದ್ರಣದಲ್ಲಿ ವ್ಯಭಿಚಾರ ಮಾಡಬಾರದು ಅನ್ನೋ ಆಜ್ಞೆಯಲ್ಲಿ 'ನಾಟ್' ಬಿಟ್ಟುಹೋಯ್ತು. ಅರ್ಥ ಏನಾಯ್ತು ಅಂತ ನೀವೇ ಊಹಿಸಿ. ಮುದ್ರಕರಿಗೆ 300 ಪೌಂಡ್ ದಂಡ.

ಕಿಂಗ್ ಜೇಮ್ಸ್ ನಿಧಾನಕ್ಕೆ ಜಿನೀವಾವನ್ನ ಹಿಂದೆ ಹಾಕಿ, ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಮೆರೆಯಿತು. ಆ ಅವಧಿಯಲ್ಲಿ ಎರಡು ವಿಷಯ ಬದಲಾದವು. ಒಂದು, ಇಂಗ್ಲಿಷ್. ಆ ಪುಸ್ತಕದ ಕೆಲವು ಕಡೆ 'ಲೆಟ್' ಅಂದ್ರೆ ತಡೆಯೋದು, ಬಿಡೋದಲ್ಲ! 'ಪ್ರಿವೆಂಟ್' ಅಂದ್ರೆ ಮುಂದೆ ಹೋಗೋದು. ಚಾರಿಟಿ ಅನ್ನೋದು ದೇಣಿಗೆಯ ಕಡೆ ವಾಲಿಕೊಂಡಿತು. ಎರಡು, ಹಸ್ತಪ್ರತಿ. ಎರಾಸ್ಮಸ್ ಕೈಲಿದ್ದ ಗ್ರೀಕ್ ಪ್ರತಿಗಳು ಕೆಲವೇ, ಅವೂ ತಡವಾದ ಕಾಲದವು. 19ನೇ ಶತಮಾನದಲ್ಲಿ ಸಿನಾಯ್‌ನ ಸೇಂಟ್ ಕ್ಯಾಥರೀನ್ ಮಠದಿಂದ 4ನೇ ಶತಮಾನದ ಪ್ರತಿಯೊಂದು ಬೆಳಕಿಗೆ ಬಂತು. ಹಳೇ ಪ್ರತಿಗಳಲ್ಲಿ ಕೆಲವು ವಾಕ್ಯಗಳೇ ಇರಲಿಲ್ಲ. ಹೊಸ ಬೈಬಲ್‌ಗಳಲ್ಲಿ ಕೆಲವು ನಂಬರುಗಳು ಮೂಲ ಪಠ್ಯದಿಂದ ಅಡಿಟಿಪ್ಪಣಿಗೆ ಇಳಿದಿರೋದು ಇದಕ್ಕೇ. ಯಾರೋ ಕದ್ದು ತೆಗೆದರು ಅನ್ನೋ ಫಾರ್ವರ್ಡ್ ಮೆಸೇಜ್ ಬಂದರೆ ಇದನ್ನ ನೆನಪಿಟ್ಟುಕೊಳ್ಳಿ.

1881ರಲ್ಲಿ 'ರಿವೈಸ್ಡ್ ವರ್ಷನ್' ಹೊಸ ಒಡಂಬಡಿಕೆ ಬಂತು. ಎಷ್ಟು ಕುತೂಹಲ ಅಂದ್ರೆ, ಶಿಕಾಗೋದ ಎರಡು ದಿನಪತ್ರಿಕೆಗಳು ಇಡೀ ಪುಸ್ತಕವನ್ನೇ ಪೇಪರಲ್ಲಿ ಮುದ್ರಿಸಿದವು. ಅದರಲ್ಲಿ, ಈ ಅಧ್ಯಾಯದಲ್ಲಿ, 'ಲವ್' ವಾಪಸ್ ಬಂತು. ಟಿಂಡೇಲ್ ಹಾಕಿದ್ದ ಪದ, 1611ರಲ್ಲಿ ಹೊರಗೆ ಹೋಗಿ 270 ವರ್ಷ ಕಾದು ಮನೆಗೆ ಬಂತು.

ಜಗಳ ಅಲ್ಲಿಗೂ ನಿಲ್ಲಲಿಲ್ಲ. 1952ರಲ್ಲಿ ಅಮೆರಿಕದಲ್ಲಿ 'ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್' ಬಂದಾಗ ಯೆಶಾಯನ ಪುಸ್ತಕದ ಒಂದು ಹೀಬ್ರೂ ಪದವನ್ನ 'ಕನ್ಯೆ' ಅನ್ನೋ ಬದಲು 'ಯುವತಿ' ಅಂತ ಅನುವಾದ ಮಾಡಿದ್ದರು. ನಾರ್ತ್ ಕೆರೊಲಿನಾದ ಒಬ್ಬ ಪಾಸ್ಟರ್ ಆ ಪುಟವನ್ನ ಎಲ್ಲರ ಮುಂದೆ ಸುಟ್ಟ. ಆಮೇಲೆ ಸಾಲುಗಟ್ಟಿ ಬಂದವು. 1976ರ 'ಗುಡ್ ನ್ಯೂಸ್ ಬೈಬಲ್' ನಮ್ಮ ಥರ ಇಂಗ್ಲಿಷ್ ಎರಡನೇ ಭಾಷೆ ಆಗಿರೋರನ್ನೂ ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. 1978ರ ಎನ್‌ಐವಿ ಪದಕ್ಕೂ ಅರ್ಥಕ್ಕೂ ನಡುವಿನ ದಾರಿ. 1996ರ ಎನ್‌ಎಲ್‌ಟಿ ಅರ್ಥದ ಕಡೆ, 2001ರ ಇಎಸ್‌ವಿ ಪದದ ಕಡೆ.

ಹಾಗಾದ್ರೆ ಯಾವುದು ಸರಿ? ನನಗೆ ಅರ್ಥವಾಗಿದ್ದು ಇಷ್ಟು. ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಹಸ್ತಪ್ರತಿ ಹಿಡಿದು ಅನುವಾದ ಮಾಡಿದ್ದಾರೆ? ಪದಕ್ಕೆ ಪದ ಕೊಟ್ಟಿದ್ದಾರಾ, ಅರ್ಥಕ್ಕೆ ಅರ್ಥ ಕೊಟ್ಟಿದ್ದಾರಾ? ಇದನ್ನ ಯಾರು, ಎಲ್ಲಿ ಓದ್ತಾರೆ? ಅಧ್ಯಯನಕ್ಕೆ ಕೂತವನಿಗೆ ಬೇಕಾಗಿದ್ದು ಬೇರೆ, ಮೈಕ್ ಮುಂದೆ ನಿಂತವನಿಗೆ ಬೇಕಾಗಿದ್ದು ಬೇರೆ. ಅಕೌಂಟ್ಸ್‌ನಲ್ಲಿ ಎರಡೂ ಕಡೆ ಟ್ಯಾಲಿ ಆಗಲೇಬೇಕು. ಅನುವಾದದಲ್ಲಿ ಯಾವಾಗಲೂ ಸ್ವಲ್ಪ ಉಳಿದುಬಿಡತ್ತೆ. ಆ ಉಳಿದದ್ದು ಏನು ಅಂತ ಗೊತ್ತಿದ್ದು ಆರಿಸಿಕೊಂಡರೆ ಸಾಕು.

ಬೆಳಗಾಯ್ತು. ಪ್ರಿಂಟು, ಪುಸ್ತಕ ಎರಡನ್ನೂ ಹಿಡಿದು ಗೆಳೆಯನ ಅಜ್ಜಿ ಹತ್ತಿರ ಹೋದೆ. ಪುಸ್ತಕ ಅವರ ಯಜಮಾನರದು, ಅವರನ್ನ ಕೇಳೋದೇ ಸರಿ ಅನ್ನಿಸ್ತು. ವಿಷಯ ಹೇಳಿದೆ. ಅಜ್ಜಿ ನಕ್ಕು, ದಿಂಬಿನ ಪಕ್ಕದಿಂದ ತಮ್ಮ ಕನ್ನಡ ಸತ್ಯವೇದ ತೆಗೆದು, ಕನ್ನಡಕ ಹಾಕಿಕೊಂಡು ಅದೇ ಅಧ್ಯಾಯ ತೋರಿಸಿದರು.

'ಇಲ್ಲಿ ನೋಡ ತಮ್ಮಾ, ನಂದರಾಗ ಮೊದಲಿಂದನೂ ಪ್ರೀತಿ ಅಂತನ ಐತಿ. ಅವರು ಅದನ್ನ ಓದತಿದ್ರು, ನಾ ಇದನ್ನ ಓದತಿದ್ದೆ. ಒಂದ ದಿನಾನೂ ಜಗಳ ಆಗಿಲ್ಲ. ಕೇಳೋರಿಗೆ ತಿಳಿಯೋಹಂಗ ಓದು.'

ನಾನು ಆ ಪುಟ ನೋಡ್ತಾ ನಿಂತೆ. 19ನೇ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಕನ್ನಡ ಅನುವಾದಕ್ಕೆ ಕೈ ಹಾಕಿದಾಗಿನಿಂದ, ಎಷ್ಟೋ ಜನ ತಿದ್ದುತ್ತಾ ಬಂದ ಕೆಲಸ ಅದು. ಅಜ್ಜಿಯ ಸತ್ಯವೇದದಲ್ಲಿ ಚರ್ಚ್ ಅನ್ನೋ ಜಾಗದಲ್ಲಿ 'ಸಭೆ', ಎಲ್ಡರ್ ಅನ್ನೋ ಜಾಗದಲ್ಲಿ 'ಹಿರಿಯರು'. ಕ್ಯಾಥೊಲಿಕರು ಕನ್ನಡದಲ್ಲಿ 'ಧರ್ಮಸಭೆ' ಅಂತಾರೆ. ಆ ಹಳೇ ಜಗಳದ ಎರಡೂ ಪಕ್ಷ ನಮ್ಮ ಕನ್ನಡದೊಳಗೇ ಸದ್ದಿಲ್ಲದೆ ಕೂತಿವೆ. ಟಿಂಡೇಲ್ ಯಾವ ಪದಗಳಿಗಾಗಿ ಊರು ಬಿಟ್ಟು ಓಡಿದನೋ, ಅವುಗಳ ಅರ್ಥ ಧಾರವಾಡದ ಒಬ್ಬ ಅಜ್ಜಿಯ ದಿಂಬಿನ ಪಕ್ಕ ಇತ್ತು.

ಚರ್ಚಿನಲ್ಲಿ ನಾನು ಅಜ್ಜನ ಪುಸ್ತಕವನ್ನ ತೆರೆದು ಸ್ಟ್ಯಾಂಡ್ ಮೇಲೆ ಇಟ್ಟೆ. ಅದರ ಮೇಲೆ ಪ್ರಿಂಟ್ ಇಟ್ಟೆ. 'ಲವ್' ಅಂತಲೇ ಓದಿದೆ. ಮುಗಿಸಿ ಇಳಿಯುವಾಗ ಗೆಳೆಯನ ಅಪ್ಪ ಏನೂ ಅನ್ನಲಿಲ್ಲ. ಪುಸ್ತಕ ಮುಚ್ಚಿ, ಆ ಪ್ರಿಂಟನ್ನ ಅದೇ ಪುಟದೊಳಗೆ ಮಡಿಸಿ ಇಟ್ಟುಕೊಂಡರು.

ನಿಮ್ಮ ಮನೆಯಲ್ಲೂ ಹಳೇ ಪುಸ್ತಕ ಒಂದಿದ್ದರೆ, ಯಾವ ಧರ್ಮದ್ದೇ ಆಗಲಿ, ಈ ವಾರ ತೆಗೆದು ನೋಡಿ. ಅನುವಾದ ಮಾಡಿದವರು ಯಾರು, ಯಾವ ವರ್ಷದ್ದು ಅಂತ ಮೊದಲ ಪುಟದಲ್ಲಿ ಓದಿ. ಆಮೇಲೆ ಮನೆಯ ಹಿರಿಯರ ಹತ್ತಿರ ಹತ್ತು ನಿಮಿಷ ಕೂತು ಕೇಳಿ.