ಹಳೆಯ ವಿಮಾನಗಳ ರೆಕ್ಕೆಯ ಬಿರುಕು ತಪಾಸಣೆ: ಇತಿಹಾಸ

ಬಹುಕಾಲ ಹಾರಿದ ವಿಮಾನದ ರೆಕ್ಕೆಯಲ್ಲಿ ಲೋಹದ ದಣಿವಿನಿಂದ ಬಿರುಕುಗಳು ಹುಟ್ಟುತ್ತವೆ. ಅವು ಅಪಾಯದ ಉದ್ದಕ್ಕೆ ಬೆಳೆಯುವ ಮೊದಲೇ ಹುಡುಕಿ ತೆಗೆಯುವ ವಿದ್ಯೆ ಇದು. ಭಾರತದಲ್ಲಿ ಇದರ ಮುಖ್ಯ ಕೇಂದ್ರ ಬೆಂಗಳೂರು. ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್), ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳ ಕೆಲಸದೊಂದಿಗೆ ಇದರ ಚರಿತ್ರೆ ಬೆಸೆದುಕೊಂಡಿದೆ.

ನೆಲದ ಮೇಲೆ ನಿಂತ ವಿಮಾನದ ರೆಕ್ಕೆ ತನ್ನ ಭಾರಕ್ಕೂ ಒಳಗಿನ ಇಂಧನದ ಭಾರಕ್ಕೂ ಕೆಳಕ್ಕೆ ಜಗ್ಗಿರುತ್ತದೆ. ಹಾರಿದೊಡನೆ ಇಡೀ ವಿಮಾನವೇ ರೆಕ್ಕೆಗಳಿಗೆ ಜೋತುಬೀಳುತ್ತದೆ. ರೆಕ್ಕೆಯ ತುದಿ ಮೇಲಕ್ಕೆ ಬಾಗುತ್ತದೆ, ಕೆಳಮೈ ಹಿಗ್ಗುತ್ತದೆ. ಇಳಿದಾಗ ಮತ್ತೆ ಮೊದಲಿನಂತೆ. ಹೀಗೆ ಪ್ರತಿ ಹಾರಾಟವೂ ಒಂದು ದೊಡ್ಡ ಬಾಗು. ಗಾಳಿಯ ಹೊಡೆತಗಳು ಅದರೊಳಗಿನ ಸಣ್ಣ ಸಣ್ಣ ಬಾಗುಗಳು. ಆದ್ದರಿಂದ ಬಿರುಕುಗಳು ಸಾಮಾನ್ಯವಾಗಿ ಕೆಳಮೈಯಲ್ಲಿ, ರೆಕ್ಕೆ ಒಡಲಿಗೆ ಸೇರುವ ಬುಡದಲ್ಲಿ, ಉದ್ದಕ್ಕೂ ಸಾಗುವ ತೊಲೆಯಂಥ ಸ್ಪಾರ್‌ನ ಬೋಲ್ಟ್ ತೂತುಗಳ ಅಂಚಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತವೆ. ಕಡಿಮೆ ದೂರಕ್ಕೆ ದಿನಕ್ಕೆ ಹಲವು ಬಾರಿ ಏರಿಳಿಯುವ ವಿಮಾನದ ರೆಕ್ಕೆ, ಅಷ್ಟೇ ಗಂಟೆ ದೂರದ ಹಾರಾಟಗಳನ್ನು ಮಾಡಿದ ವಿಮಾನದ ರೆಕ್ಕೆಗಿಂತ ಬೇಗ ಮುದಿಯಾಗುವುದೂ ಇದೇ ಕಾರಣಕ್ಕೆ.

ಲೋಹ ದಣಿಯುತ್ತದೆ ಎಂಬ ತಿಳಿವಳಿಕೆ ಬಂದದ್ದು ಮುಖ್ಯವಾಗಿ ರೈಲಿನಿಂದ. 19ನೇ ಶತಮಾನದ ನಡುಭಾಗದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲುಗಾಲಿಗಳ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿದ. ಒಮ್ಮೆ ಹೊತ್ತರೆ ಏನೂ ಆಗದ ಭಾರವೂ ಲಕ್ಷಾಂತರ ಬಾರಿ ಮರುಕಳಿಸಿದರೆ ಅಚ್ಚನ್ನು ಮುರಿಯುತ್ತದೆ ಎಂದು ತೋರಿಸಿದ. ಜಮಖಂಡಿ, ಮುಧೋಳ, ಬೀಳಗಿ ಭಾಗದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ನುರಿಸುವ ಹಂಗಾಮಿನ ಉದ್ದಕ್ಕೂ ಭಾರ ಹೊತ್ತು ತಿರುಗುವ ಮಿಲ್ ರೋಲರಿನ ಶಾಫ್ಟ್ ಹೊರಗೆ ನುಣ್ಣಗೆ ಹೊಳೆಯುತ್ತಿದ್ದರೂ ಒಳಗೆ ಸೀಳಿರಬಹುದು. ಅದಕ್ಕೇ ಹಂಗಾಮು ಮುಗಿದು ಮಿಲ್ ಬಿಚ್ಚಿದಾಗ ಶಾಫ್ಟಿನ ತುದಿಗೆ ಅಲ್ಟ್ರಾಸಾನಿಕ್ ಪ್ರೋಬ್ ಒತ್ತಿ, ಒಳಗಿನಿಂದ ಮರುದನಿ ಬರುತ್ತದೆಯೇ ಎಂದು ನೋಡುವ ರೂಢಿ ಸಕ್ಕರೆ ಉದ್ಯಮದಲ್ಲಿದೆ. ವಿಮಾನದ ರೆಕ್ಕೆಗೂ ಇದೇ ವಿದ್ಯೆ. ಆದರೆ ಶಾಫ್ಟ್ ಮುರಿದರೆ ಮಿಲ್ ನಿಲ್ಲುತ್ತದೆ, ಸ್ಪಾರ್ ಮುರಿದರೆ ವಿಮಾನದಲ್ಲಿದ್ದವರು ಯಾರೂ ಉಳಿಯುವುದಿಲ್ಲ.

ಆ ಪಾಠ ಕಲಿಸಿದ ಮೊದಲ ಅವಘಡಗಳಲ್ಲಿ 1945ರ ಜನವರಿ 31ರದು ಪ್ರಮುಖ. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ಸ್ಟಿನ್ಸನ್ ವಿಮಾನವೊಂದರ ರೆಕ್ಕೆ ಹಾರಾಟದಲ್ಲೇ ಕಳಚಿ 10 ಮಂದಿ ಸತ್ತರು. ಸ್ಪಾರ್‌ನಲ್ಲಿ ಬೆಸುಗೆಯ ಬಳಿ ಹುಟ್ಟಿದ ದಣಿವಿನ ಬಿರುಕು ಕಾರಣವೆಂದು ತನಿಖೆ ಕಂಡುಕೊಂಡಿತು. 1948ರ ಆಗಸ್ಟ್ 29ರಂದು ಅಮೆರಿಕದಲ್ಲಿ ಮಾರ್ಟಿನ್ 202 ವಿಮಾನ ರೆಕ್ಕೆ ಕಳಚಿ ಬಿತ್ತು, 37 ಮಂದಿ ಸತ್ತರು. ಆ ವಿಮಾನ ಹಳೆಯದಾಗಿರಲೇ ಇಲ್ಲ. ಮುಪ್ಪು ವರ್ಷದ ಲೆಕ್ಕವಲ್ಲ, ಬಾಗಿದ ಲೆಕ್ಕ ಎಂಬುದನ್ನು ಇಂಥ ಸಾವುಗಳಿಂದಲೇ ಕಲಿಯಬೇಕಾಯಿತು. 1954ರಲ್ಲಿ ಎರಡು ಕಾಮೆಟ್ ಜೆಟ್‌ಗಳು ಮೆಡಿಟರೇನಿಯನ್ ಮೇಲೆ ಒಡೆದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಡೀ ಕಾಮೆಟ್ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ನಿಜವಾದ ಹಾರಾಟಗಳನ್ನೂ ಸೇರಿಸಿ 3,057 ಹಾರಾಟಗಳಷ್ಟು ಒತ್ತಡ ಕೊಟ್ಟಾಗ ಒಡಲು ಸೀಳಿತು. ಅಲ್ಲಿ ಒಡೆದದ್ದು ರೆಕ್ಕೆಯಲ್ಲ, ಒಡಲು. ಆದರೂ ಪೂರ್ಣ ಗಾತ್ರದ ವಿಮಾನವನ್ನು ನೆಲದ ಮೇಲೆಯೇ ದಣಿಸಿ ನೋಡಬೇಕೆಂಬ ಪದ್ಧತಿ ಗಟ್ಟಿಯಾದದ್ದು ಅಲ್ಲಿಂದ.

ಹಳೆಯ ರೆಕ್ಕೆಗಳನ್ನು ನೋಡಿ ಪಾಸು ಮಾಡುವ ಕೆಲಸ ಬೆಂಗಳೂರಿನಲ್ಲಿ ಈ ಸಿದ್ಧಾಂತಗಳಿಗಿಂತ ಮೊದಲೇ ಶುರುವಾಗಿತ್ತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದಾಗ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರದಂತೆ ಬೇಕೆಂದೇ ಹಾಳುಗೆಡವಿ ಕಾನ್ಪುರದಲ್ಲಿ ಬಿಟ್ಟುಹೋದರು. ಸ್ವತಂತ್ರ ಭಾರತದ ಬಳಿ ಭಾರಿ ಬಾಂಬರ್‌ಗಳಿರಲಿಲ್ಲ. ಹಾಗಾಗಿ ಬೆಂಗಳೂರಿನ ಈ ಕಾರ್ಖಾನೆಯವರು ಆ ಗುಜರಿಯನ್ನೇ ಆರಿಸಿ, ಹಾರುವಷ್ಟು ಸರಿಪಡಿಸಿದರು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಸಂಪೂರ್ಣ ಬಿಚ್ಚಿ ಕಟ್ಟಿದ ಮೊದಲ ವಿಮಾನಗಳು 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಸೇರಿದವು. ಅವು 1968ರವರೆಗೆ ಸೇವೆಯಲ್ಲಿದ್ದವು. ಬೇರೆಯವರು ಎಸೆದ ರೆಕ್ಕೆ ಇನ್ನೆಷ್ಟು ಭಾರ ಹೊರುತ್ತದೆ ಎಂದು ಅಂದಾಜಿಸಿ, ಅದರ ಕೆಳಗೆ ಮನುಷ್ಯರನ್ನು ಕೂರಿಸಿ ಕಳಿಸಿದ ಆ ಮೆಕ್ಯಾನಿಕ್‌ಗಳ ಕೆಲಸಕ್ಕೆ ನಮ್ಮ ತಂತ್ರಜ್ಞಾನದ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕು.

ತಪಾಸಣೆಯ ಉಪಕರಣಗಳು ಬಹುಪಾಲು 1940ರ ದಶಕದಲ್ಲಿ ರೂಪುಗೊಂಡವು. ಡೈ ಪೆನೆಟ್ರಂಟ್ ವಿಧಾನ ಎಲ್ಲಕ್ಕಿಂತ ಸರಳ. ಮೊದಲು ಬಣ್ಣ, ಜಿಡ್ಡು, ಧೂಳು ತೆಗೆದು ಲೋಹವನ್ನು ಶುಚಿ ಮಾಡಬೇಕು. ಆಮೇಲೆ ತೆಳು ದ್ರವ ಬಳಿದು ಸ್ವಲ್ಪ ಹೊತ್ತು ಕಾಯಬೇಕು. ಕೂದಲೆಳೆಗಿಂತ ಸಣ್ಣ ಸೀಳಿದ್ದರೂ ದ್ರವ ಅದರೊಳಗೆ ಇಳಿಯುತ್ತದೆ. ಮೇಲ್ಮೈಯನ್ನು ಒರೆಸಿ ಬಿಳಿ ಪುಡಿ ಹರಡಿದಾಗ ಸೀಳಿನೊಳಗಿನ ದ್ರವ ಮತ್ತೆ ಮೇಲಕ್ಕೆ ಬಂದು ಗೆರೆಯಾಗಿ ಮೂಡುತ್ತದೆ. ಪ್ರತಿದೀಪ್ತ ದ್ರವವಾದರೆ ಕತ್ತಲು ಕೋಣೆಯಲ್ಲಿ ನೇರಳಾತೀತ ದೀಪದ ಕೆಳಗೆ ಆ ಗೆರೆ ಹಸಿರು ಹಳದಿಯಾಗಿ ಬೆಳಗುತ್ತದೆ. ಇಡೀ ವಿಧಾನ ನಿಂತಿರುವುದು ಶುಚಿತ್ವದ ಮೇಲೆ. ಸೀಳಿನ ಬಾಯಿ ಹಳೆಯ ಬಣ್ಣದಿಂದ ಮುಚ್ಚಿದ್ದರೆ ದ್ರವ ಒಳಗೇ ಹೋಗುವುದಿಲ್ಲ, ಗೆರೆಯೂ ಮೂಡುವುದಿಲ್ಲ.

ಎಡ್ಡಿ ಕರೆಂಟ್ ವಿಧಾನದಲ್ಲಿ ತಂತಿಸುರುಳಿಯ ಪ್ರೋಬ್ ಅಲ್ಯುಮಿನಿಯಂನಲ್ಲಿ ಸುಳಿಯಂಥ ವಿದ್ಯುತ್ ಎಬ್ಬಿಸುತ್ತದೆ. ಬಿರುಕು ಅಡ್ಡ ಬಂದರೆ ಆ ಸುಳಿ ಬಳಸಿ ಹೋಗಬೇಕಾಗಿ ಮೀಟರಿನ ಸಂಕೇತ ಕದಲುತ್ತದೆ. ಜರ್ಮನಿಯ ಫ್ರೀಡ್ರಿಶ್ ಫೋರ್ಸ್ಟರ್ ಇದನ್ನು ಉದ್ಯಮದ ಉಪಕರಣವಾಗಿಸಿದವರಲ್ಲಿ ಪ್ರಮುಖ. ರೆಕ್ಕೆಗೆ ಇದರ ಬೆಲೆ ದೊಡ್ಡದು. ಬೋಲ್ಟ್ ಬಿಚ್ಚಿ, ಕಡ್ಡಿಯಂಥ ಪ್ರೋಬನ್ನು ತೂತಿನೊಳಗೆ ತಿರುಗಿಸುತ್ತ ಇಳಿಸಿದರೆ ಕಣ್ಣಿಗೆ ಎಂದೂ ಕಾಣದ ಒಳಗೋಡೆಯ ಬಿರುಕು ಸಿಗುತ್ತದೆ. 2018ರ ಏಪ್ರಿಲ್‌ನಲ್ಲಿ ಫ್ಲಾರಿಡದಲ್ಲಿ ತರಬೇತಿಯ ಪೈಪರ್ ವಿಮಾನವೊಂದು ರೆಕ್ಕೆ ಕಳಚಿ ಬಿದ್ದು ಇಬ್ಬರು ಸತ್ತ ಮೇಲೆ, ಅಮೆರಿಕದ ನಿಯಂತ್ರಕರು ಆ ಬಗೆಯ ವಿಮಾನಗಳ ಸ್ಪಾರ್ ಬೋಲ್ಟ್ ತೂತುಗಳಿಗೆ ವಿಧಿಸಿದ್ದು ಇದೇ ಪರೀಕ್ಷೆಯನ್ನು.

ಉಪಕರಣ ಬಂದರೂ ಎಲ್ಲಿ, ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬ ಪ್ರಶ್ನೆ ಉಳಿದಿತ್ತು. ಈ ವಿದ್ಯೆಯ ತಿರುಳು ಅದೇ. 1950, 60ರ ದಶಕಗಳಲ್ಲಿ ರೆಕ್ಕೆಗೆ ಇಂತಿಷ್ಟು ಗಂಟೆಯ ಆಯುಷ್ಯ ಕಟ್ಟಿ, ಮುಗಿದೊಡನೆ ತೆಗೆದುಹಾಕುವ ಪದ್ಧತಿ ನಡೆಯಿತು. ಆದರೆ 1969ರ ಡಿಸೆಂಬರ್ 22ರಂದು ಸುಮಾರು 100 ಗಂಟೆ ಮಾತ್ರ ಹಾರಿದ್ದ ಅಮೆರಿಕದ ಎಫ್-111 ಯುದ್ಧವಿಮಾನದ ರೆಕ್ಕೆ ಮುರಿಯಿತು. ಉಕ್ಕಿನ ತುಂಡನ್ನು ಕಾಯಿಸಿ ಬಡಿದಾಗಲೇ ಬಿದ್ದಿದ್ದ ಸೀಳು ಎಲ್ಲ ತಪಾಸಣೆಗಳಿಂದಲೂ ತಪ್ಪಿಸಿಕೊಂಡಿತ್ತು. ಆಮೇಲೆ ಆ ವಿಮಾನಗಳನ್ನು ಮೈನಸ್ 40 ಡಿಗ್ರಿ ಚಳಿಯ ಕೋಣೆಯಲ್ಲಿಟ್ಟು ರೆಕ್ಕೆಗಳನ್ನು ಬಾಗಿಸಿ ನೋಡಿದರು. ಅಪಾಯದ ಬಿರುಕಿದ್ದರೆ ಆಕಾಶದಲ್ಲಿ ಅಲ್ಲ, ಅಲ್ಲೇ ಮುರಿಯಲಿ ಎಂದು. 1970ರ ದಶಕದಲ್ಲಿ ಮೊದಲು ಅಮೆರಿಕದ ವಾಯುಪಡೆಯಲ್ಲಿ, 1978ರಲ್ಲಿ ನಾಗರಿಕ ವಿಮಾನಗಳ ನಿಯಮದಲ್ಲಿ ಹೊಸ ತತ್ವ ಬಂತು. ಬಿರುಕು ಇದ್ದೇ ಇದೆ ಎಂದು ಹಿಡಿದು, ಅದು ಪತ್ತೆಯಾಗುವಷ್ಟು ಬೆಳೆದ ದಿನಕ್ಕೂ ರೆಕ್ಕೆ ಮುರಿಯುವ ದಿನಕ್ಕೂ ನಡುವೆ ಕನಿಷ್ಠ ಎರಡು ತಪಾಸಣೆಯಾದರೂ ಬೀಳುವಂತೆ ಅವಧಿ ಗೊತ್ತುಮಾಡುವುದು ಆ ತತ್ವ. ಅದೇ ದಶಕದಲ್ಲಿ ಅಮೆರಿಕದ ವಾಯುಪಡೆ, ಬಿರುಕಿರುವ ರೆಕ್ಕೆಯ ತುಂಡುಗಳನ್ನು ನೆಲೆಯಿಂದ ನೆಲೆಗೆ ಒಯ್ದು ತನ್ನ ತಪಾಸಕರ ಕಣ್ಣನ್ನೇ ಪರೀಕ್ಷಿಸಿತು. ಸಿಕ್ಕೇ ಸಿಗುತ್ತವೆ ಎಂದುಕೊಂಡಿದ್ದ ಬಿರುಕುಗಳು ತಪ್ಪಿಹೋದವು. ನನ್ನ ಮಟ್ಟಿಗೆ ಈ ಚರಿತ್ರೆಯ ಅತಿ ಮುಖ್ಯ ಪ್ರಯೋಗ ಅದು. ಅಲ್ಲಿಂದ ಮುಂದೆ ಲೆಕ್ಕ ಹಾಕುವವರು ಕಂಡ ಅತಿ ಸಣ್ಣ ಬಿರುಕನ್ನಲ್ಲ, ಕಾಣದೆ ಉಳಿಯಬಹುದಾದ ಅತಿ ದೊಡ್ಡ ಬಿರುಕನ್ನು ಆಧಾರವಾಗಿಟ್ಟುಕೊಂಡರು.

ಬೆಂಗಳೂರಿನಲ್ಲಿ ಈ ವಿಜ್ಞಾನಕ್ಕೆ ಬುನಾದಿ ಹಾಕಿದವರು ಎಸ್. ಆರ್. ವಲ್ಲೂರಿ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಲೋಹದ ದಣಿವಿನ ಮೇಲೆಯೇ ಕೆಲಸ ಮಾಡಿದ್ದ ಅವರು 1965ರಿಂದ 1984ರವರೆಗೆ ಎನ್‌ಎಎಲ್ ನಿರ್ದೇಶಕರಾಗಿದ್ದರು. ವಿಜ್ಞಾನ ಸಂಸ್ಥೆಯಲ್ಲಿ ಬಿ. ದತ್ತಗುರು ಮತ್ತು ಅವರ ಶಿಷ್ಯರು ಬೋಲ್ಟ್, ರಿವೆಟ್ ಜೋಡಣೆಗಳಲ್ಲಿ ಬಿರುಕು ಬೆಳೆಯುವ ಬಗೆಯನ್ನು ಲೆಕ್ಕಕ್ಕೆ ತಂದರು. ಎನ್‌ಎಎಲ್‌ನ ಪೂರ್ಣಗಾತ್ರದ ದಣಿವು ಪರೀಕ್ಷೆ ಹತ್ತಿರದಿಂದ ನೋಡತಕ್ಕದ್ದು. ರೆಕ್ಕೆಯ ಮೈಗೆ ಪ್ಯಾಡ್‌ಗಳನ್ನು ಅಂಟಿಸಿ, ಕವಲೊಡೆದ ಸನ್ನೆಗಳ ಮೂಲಕ ಹೈಡ್ರಾಲಿಕ್ ಜ್ಯಾಕುಗಳಿಗೆ ಜೋಡಿಸುತ್ತಾರೆ. ನಿಜ ಹಾರಾಟದಲ್ಲಿ ದಾಖಲಾದ ಹೊಡೆತಗಳ ಕ್ರಮದಲ್ಲೇ ಜ್ಯಾಕುಗಳು ಎಳೆಯುತ್ತವೆ, ಬಿಡುತ್ತವೆ. ವರ್ಷಗಳ ಸೇವೆ ತಿಂಗಳುಗಳಲ್ಲಿ ಮುಗಿಯುತ್ತದೆ. ನಡುನಡುವೆ ಯಂತ್ರ ನಿಲ್ಲಿಸಿ ತಪಾಸಕರು ಪ್ರೋಬ್ ಹಿಡಿದು ಒಂದೊಂದೇ ತೂತನ್ನು ನೋಡುತ್ತಾರೆ. ಬಿರುಕು ಮೊದಲು ಕಾಣಿಸಿದ ಜಾಗವೇ ಮುಂದೆ ಸೇವೆಯಲ್ಲಿರುವ ವಿಮಾನಗಳ ತಪಾಸಣಾ ಪಟ್ಟಿಗೆ ಸೇರುತ್ತದೆ. ಹೊಸ ವಿಮಾನಕ್ಕೆ ವರ್ಷಾನುಗಟ್ಟಲೆ ಕಾಯುವ ವಾಯುಪಡೆಗೆ ಇದು ಪ್ರಾಣದ ಪ್ರಶ್ನೆ: 1964ರಲ್ಲಿ ಮೊದಲು ಹಾರಿದ ಎಚ್‌ಎಎಲ್ ಕಿರಣ್ ತರಬೇತಿ ವಿಮಾನಗಳು ಐದು ದಶಕ ದಾಟಿ ದುಡಿದವು, 1963ರಲ್ಲಿ ಬಂದ ಮಿಗ್-21 ಸರಣಿ ನಿವೃತ್ತಿಯಾದದ್ದು 2025ರ ಸೆಪ್ಟೆಂಬರ್ 26ರಂದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹುಡುಗರು ವಾಯುಪಡೆ ಸೇರಿದರೆ ಮೊದಲ ಕವಾಯತು ಸಾಮಾನ್ಯವಾಗಿ ಬೆಳಗಾವಿ ಬಳಿಯ ಸಾಂಬ್ರಾದ ಏರ್‌ಮನ್ ತರಬೇತಿ ಶಾಲೆಯಲ್ಲಿ. ವಿಮಾನದ ಮೈ ಮುಟ್ಟಿ ನೋಡುವ ತಾಂತ್ರಿಕ ಕಸುಬು ಆಮೇಲೆ ಬೇರೆ ಕೇಂದ್ರಗಳಲ್ಲಿ. ಬೆಳಗಾವಿ ಜಿಲ್ಲೆಯದೇ ಆದ ಹತ್ತರಗಿಯಲ್ಲಿ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯ ವಿದೇಶಿ ವಿಮಾನ ಕಂಪನಿಗಳಿಗೆ ಬಿಡಿಭಾಗ ತಯಾರಿಸುತ್ತಿದೆ.

ಈಗಿನ ರೆಕ್ಕೆಗಳ ಸಮಸ್ಯೆ ಬೇರೆ. ತೇಜಸ್ ಯುದ್ಧವಿಮಾನದ ರೆಕ್ಕೆ ಬಹುಪಾಲು ಕಾರ್ಬನ್ ನಾರಿನ ಸಂಯುಕ್ತ ವಸ್ತುವಿನದು. ಅದು ಅಲ್ಯುಮಿನಿಯಂನಂತೆ ತೂತಿನ ಅಂಚಿನಿಂದ ಸೀಳುವುದಿಲ್ಲ. ಬಿದ್ದ ಸ್ಪ್ಯಾನರಿನ ಪೆಟ್ಟಿಗೂ ಮೇಲೆ ಗುರುತಿಲ್ಲದೆ ಒಳಗಿನ ಪದರಗಳು ಬಿಟ್ಟುಕೊಳ್ಳಬಹುದು. ಎಡ್ಡಿ ಕರೆಂಟ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು, ಅಲ್ಟ್ರಾಸಾನಿಕ್ ಬೇಕು. ರಚನೆಯೊಳಗೇ ಬೆಳಕಿನ ನಾರುಗಳನ್ನು ಹುದುಗಿಸಿ, ಹಾರುವಾಗಲೇ ಅದರ ಹಿಗ್ಗು ಕುಗ್ಗುಗಳನ್ನು ಅಳೆಯುವ ವ್ಯವಸ್ಥೆಯನ್ನು ಎನ್‌ಎಎಲ್ ವಿಜ್ಞಾನಿಗಳು ನಿಶಾಂತ್ ಎಂಬ ಪೈಲಟ್‌ರಹಿತ ವಿಮಾನದಲ್ಲಿ ಹಾರಿಸಿ ನೋಡಿದ್ದಾರೆ.